ಹರಳಿನ ಸಾಕ್ಷಿ

1943ರ ಹೊತ್ತಿಗೆ ಪೆನಿಸಿಲಿನ್ ಯುದ್ಧಭೂಮಿಯಲ್ಲಿ ಗಾಯಾಳುಗಳ ಜೀವ ಉಳಿಸತೊಡಗಿತ್ತು. ಆದರೆ ಆ ಪದಾರ್ಥ ಏನೆಂಬುದು ಅದನ್ನು ತಯಾರಿಸುವವರಿಗೇ ತಿಳಿದಿರಲಿಲ್ಲ. ಬೂಷ್ಟು ಬೆಳೆಸಿದ ನೀರಿನಿಂದ ಬಹಳ ಕಷ್ಟಪಟ್ಟು ಒಂದಿಷ್ಟು ಪುಡಿ ತೆಗೆಯಬೇಕು. ಅದೂ ಮಹಾ ನಾಜೂಕು. ಕಾಯಿಸಿದರೆ ಕೆಡುತ್ತದೆ, ಆಮ್ಲ ತಗುಲಿದರೆ ಕೆಡುತ್ತದೆ, ಕ್ಷಾರ ತಗುಲಿದರೂ ಕೆಡುತ್ತದೆ. ಅಣುವಿನ ರಚನೆ ಗೊತ್ತಾಗಿಬಿಟ್ಟರೆ ಬೂಷ್ಟಿನ ಹಂಗಿಲ್ಲದೆ ಕಾರ್ಖಾನೆಯಲ್ಲೇ ಮಾಡಿಕೊಳ್ಳಬಹುದು ಎಂಬ ಆಸೆಯಿಂದ ಬ್ರಿಟನ್ ಮತ್ತು ಅಮೆರಿಕದ ನೂರಾರು ರಸಾಯನಶಾಸ್ತ್ರಜ್ಞರು ಅದರ ಬೆನ್ನು ಹತ್ತಿದ್ದರು. ಎಲ್ಲವೂ ಗುಟ್ಟು. ಸಂಶೋಧನಾ ಪತ್ರಿಕೆಗಳಲ್ಲಿ ಒಂದು ಸಾಲು ಬರುವಂತಿರಲಿಲ್ಲ; ವರದಿಗಳು ಗೋಪ್ಯವಾಗಿ ಅಟ್ಲಾಂಟಿಕ್ ಸಾಗರದ ಆಚೆಗೂ ಈಚೆಗೂ ಓಡಾಡುತ್ತಿದ್ದವು.

ಆಗ ಸಾವಯವ ರಸಾಯನಶಾಸ್ತ್ರಜ್ಞರಿಗೆ ಗೊತ್ತಿದ್ದ ಹಾದಿ ಒಂದೇ. ಅಣುವನ್ನು ಒಡೆಯಬೇಕು, ಚೂರುಗಳನ್ನು ಗುರುತಿಸಬೇಕು, ಒಡೆಯುವ ಮೊದಲು ಅವು ಹೇಗೆ ಜೋಡಿಸಿಕೊಂಡಿದ್ದವೆಂದು ತರ್ಕಿಸಬೇಕು. ಪೆನಿಸಿಲಿನ್‌ನಲ್ಲಿ ಗಂಧಕ ಇದೆ ಎಂಬುದೇ ಮೊದಲು ಕಣ್ತಪ್ಪಿ ಹೋಗಿತ್ತು. ಅದು ತಿಳಿದಮೇಲೆ ಗಂಧಕವಿರುವ ಒಂದು ಐದು ಪರಮಾಣುಗಳ ಉಂಗುರ ಇರಬೇಕೆಂಬುದರಲ್ಲಿ ಹೆಚ್ಚು ತಕರಾರು ಉಳಿಯಲಿಲ್ಲ. ಜಗಳ ಹತ್ತಿದ್ದು ಪಕ್ಕದ ಇನ್ನೊಂದು ಉಂಗುರದ ಬಗ್ಗೆ. ಆಕ್ಸ್‌ಫರ್ಡಿನಲ್ಲೇ ಎರಡು ಪಕ್ಷ. ಪೆನಿಸಿಲಿನ್ ತಂಡದ ಎಡ್ವರ್ಡ್ ಏಬ್ರಹಾಂ ಮತ್ತು ಅರ್ನ್ಸ್ಟ್ ಚೇಯ್ನ್ ಅದು ನಾಲ್ಕೇ ಪರಮಾಣುಗಳ ಉಂಗುರ, ಬೀಟಾ-ಲ್ಯಾಕ್ಟಮ್, ಎಂದರು. ಸಾವಯವ ರಸಾಯನ ವಿಭಾಗದ ಮುಖ್ಯಸ್ಥರಾಗಿದ್ದ ಸರ್ ರಾಬರ್ಟ್ ರಾಬಿನ್ಸನ್, ಅದೆಲ್ಲ ಆಗದ ಮಾತು, ಅಲ್ಲಿರುವುದು ಐದು ಪರಮಾಣುಗಳ ಆಕ್ಸಜೋಲೋನ್ ಉಂಗುರ ಎಂದರು. ರಾಬಿನ್ಸನ್ ಎಂದರೆ ಆ ಕಾಲದ ದೊಡ್ಡ ತಲೆ. ನಾಲ್ಕು ವರ್ಷದಲ್ಲಿ ಅವರಿಗೆ ನೊಬೆಲ್ ಬರುವುದಿತ್ತು. ಅವರ ಶಿಷ್ಯ ಜಾನ್ ಕಾರ್ನ್‌ಫೋರ್ತ್, ನಾಲ್ಕರ ಉಂಗುರವೇ ನಿಜವಾದರೆ ರಸಾಯನಶಾಸ್ತ್ರ ಬಿಟ್ಟು ಅಣಬೆ ಬೆಳೆಯಲು ಹೋಗುತ್ತೇನೆ ಎಂದು ಪಂಥ ಕಟ್ಟಿದರಂತೆ. (ಅವರು ಅಣಬೆಗೆ ಹೋಗಲಿಲ್ಲ. 1975ರಲ್ಲಿ ಅವರಿಗೂ ನೊಬೆಲ್ ಬಂತು.)

ನಾಲ್ಕರ ಉಂಗುರವನ್ನು ಅವರು ಅಷ್ಟು ಅನುಮಾನಿಸಿದ್ದಕ್ಕೆ ಕಾರಣವಿತ್ತು. ಇಂಗಾಲದ ನಾಲ್ಕು ಬಂಧಗಳು ಸಹಜವಾಗಿ 109 ಡಿಗ್ರಿ ಅಂತರದಲ್ಲಿ ಚಾಚಿಕೊಳ್ಳುತ್ತವೆ. ನಾಲ್ಕರ ಉಂಗುರದಲ್ಲಿ ಅವನ್ನು 90 ಡಿಗ್ರಿಗೆ ಬಗ್ಗಿಸಬೇಕಾಗುತ್ತದೆ. ಬಗ್ಗಿದ ಬಂಧ ಬಿಗಿದುಕೊಂಡೇ ಇರುತ್ತದೆ, ನೆಪ ಸಿಕ್ಕರೆ ಸಾಕು, ಬಿಚ್ಚಿಕೊಳ್ಳುತ್ತದೆ. ಇಂಥ ಉಂಗುರವನ್ನು ಪ್ರಯೋಗಶಾಲೆಯಲ್ಲಿ ಹಿಂದೆಯೇ ಮಾಡಿದ್ದರು ನಿಜ, ಆದರೆ ಒಂದು ಜೀವಿ ತಾನಾಗಿ ಅದನ್ನು ಕಟ್ಟುತ್ತದೆ ಎಂದರೆ ನಂಬುವವರು ಕಡಿಮೆ.

ಈ ಜಗಳದಲ್ಲಿ ರೋಹಿತದರ್ಶನವನ್ನೂ ಸಾಕ್ಷಿಗೆ ಕರೆದರು. ಬಂಧದಿಂದ ಜೋಡಿಸಿಕೊಂಡ ಎರಡು ಪರಮಾಣುಗಳು ಸುಮ್ಮನೆ ಕೂತಿರುವುದಿಲ್ಲ, ಸದಾ ಕಂಪಿಸುತ್ತಿರುತ್ತವೆ. ಪ್ರತಿ ಬಗೆಯ ಬಂಧಕ್ಕೂ ಅದರದೇ ಕಂಪನ. ಅವಕೆಂಪು ಬೆಳಕನ್ನು ಹಾಯಿಸಿದರೆ ಆ ಕಂಪನಕ್ಕೆ ಹೊಂದುವ ಭಾಗವನ್ನು ಅಣು ಹೀರಿಕೊಳ್ಳುತ್ತದೆ, ರೋಹಿತದಲ್ಲಿ ಅಲ್ಲೊಂದು ಪಟ್ಟೆ ಮೂಡುತ್ತದೆ. (ನಮ್ಮ ಸಿ. ವಿ. ರಾಮನ್ 1928ರಲ್ಲಿ ಕಂಡ ಪರಿಣಾಮವೂ ಇದೇ ಕಂಪನಗಳನ್ನು ಇನ್ನೊಂದು ದಾರಿಯಿಂದ ಓದುತ್ತದೆ.) ಇಂಗಾಲಕ್ಕೂ ಆಮ್ಲಜನಕಕ್ಕೂ ನಡುವಿನ ಜೋಡಿಬಂಧ ಬಹಳ ಎದ್ದು ಕಾಣುವ ಪಟ್ಟೆ ಕೊಡುತ್ತದೆ, ಅಕ್ಕಪಕ್ಕದಲ್ಲಿ ಏನಿದೆ ಎಂಬುದರ ಮೇಲೆ ಅದು ಅತ್ತಿತ್ತ ಸರಿಯುತ್ತದೆ. ಸಾಮಾನ್ಯ ಅಮೈಡುಗಳಲ್ಲಿ ಅದು ಸೆಂಟಿಮೀಟರಿಗೆ 1,650ರಿಂದ 1,690 ಅಲೆಗಳ ಎಡೆಯಲ್ಲಿ ಇರುತ್ತದೆ. ಆಕ್ಸಜೋಲೋನ್‌ಗಳಲ್ಲಿ 1,820ರ ಹತ್ತಿರ. ಪೆನಿಸಿಲಿನ್ ತೋರಿಸಿದ್ದು 1,770ರ ಆಸುಪಾಸು. ಅತ್ತಲೂ ಅಲ್ಲ, ಇತ್ತಲೂ ಅಲ್ಲ! ಬರೀ ನಾಲ್ಕರ ಉಂಗುರ ಇರುವ ಸರಳ ಪದಾರ್ಥಗಳು ಇದಕ್ಕಿಂತ ಕೆಳಗೆ ನಿಲ್ಲುತ್ತಿದ್ದವು. ಇನ್ನೊಂದು ಉಂಗುರವನ್ನು ಬೆಸೆದಾಗ ಬಿಗಿತ ಹೆಚ್ಚಿ ಪಟ್ಟೆ ಮೇಲಕ್ಕೆ ಸರಿಯುತ್ತದೆ ಎಂಬುದು ಹೋಲಿಕೆಗೆ ತಕ್ಕ ಪದಾರ್ಥಗಳು ಸಿಕ್ಕಮೇಲಷ್ಟೇ ಖಚಿತವಾದದ್ದು. ಇಂದು ಬಿ.ಎಸ್ಸಿ. ವಿದ್ಯಾರ್ಥಿಯೂ ಆ ಪಟ್ಟೆ ನೋಡಿ ಉತ್ತರ ಹೇಳಿಯಾನು. ಅಂದು ಅದು ಎರಡೂ ಪಕ್ಷದವರು ತಮಗೆ ಬೇಕಾದಂತೆ ಅರ್ಥ ಮಾಡಿಕೊಳ್ಳಬಹುದಾದ ಸಾಕ್ಷಿ. ರೋಹಿತ ಅಣುವಿನ ಒಂದೊಂದು ಭಾಗದ ಸುಳಿವು ಕೊಡುತ್ತದೆ. ಇಡೀ ಅಣುವನ್ನು ಎದುರಿಗೆ ತಂದು ನಿಲ್ಲಿಸಲಾರದು.

ನಿಲ್ಲಿಸಬಲ್ಲವರು ಅದೇ ಊರಿನಲ್ಲಿದ್ದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮ್ಯೂಸಿಯಂ ಕಟ್ಟಡದಲ್ಲಿ, ಪ್ರಾಣಿಗಳ ಅಸ್ಥಿಪಂಜರಗಳ ಹಾಲ್ ದಾಟಿ ನೆಲಮಾಳಿಗೆಗೆ ಇಳಿದರೆ 33 ವರ್ಷದ ಡೊರೊತಿ ಕ್ರೋಫುಟ್ ಹಾಜ್‌ಕಿನ್ ಅವರ ಕ್ಷ-ಕಿರಣ ಕೋಣೆ. ಬೆಳಕು ಬರುವ ಕಿಟಕಿ ಇದ್ದದ್ದು ಎತ್ತರದ ಅಟ್ಟದ ಮೇಲೆ, ಸೂಕ್ಷ್ಮದರ್ಶಕವೂ ಅಲ್ಲೇ. ಹರಳನ್ನು ಸೂಕ್ಷ್ಮದರ್ಶಕದಡಿ ಗಾಜಿನ ಎಳೆಗೆ ಅಂಟಿಸಿ, ಅದನ್ನು ಒಂದು ಕೈಯಲ್ಲಿ ಹಿಡಿದು ಕಡಿದಾದ ಏಣಿಯಲ್ಲಿ ಇಳಿಯಬೇಕು. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕ ಹರಳು. ಡೊರೊತಿಯ ಕೈಗಳಾದರೋ 24ನೇ ವಯಸ್ಸಿನಲ್ಲೇ ಸಂಧಿವಾತಕ್ಕೆ ತುತ್ತಾಗಿದ್ದವು. ಬೆರಳ ಗೆಣ್ಣುಗಳು ಊದಿ ಸೊಟ್ಟಗಾಗುತ್ತ ಬಂದಿದ್ದವು. ಕ್ಷ-ಕಿರಣ ಯಂತ್ರದ ಸ್ವಿಚ್ಚು ಒತ್ತಲಾಗದೆ ಅದಕ್ಕೊಂದು ಉದ್ದನೆಯ ಹಿಡಿಕೆ ಮಾಡಿಸಿಕೊಂಡಿದ್ದರು. ಆದರೂ ಹರಳು ಕೂರಿಸುವ ಕೆಲಸದಲ್ಲಿ ಆಕೆಯನ್ನು ಮೀರಿಸುವವರು ಅಪರೂಪ ಎಂಬುದು ಜತೆಗಿದ್ದವರ ಒಮ್ಮತದ ಮಾತು.

ಹುಟ್ಟಿದ್ದು 1910ರಲ್ಲಿ ಕೈರೋದಲ್ಲಿ. ತಂದೆ ಈಜಿಪ್ಟಿನಲ್ಲೂ ಆಮೇಲೆ ಸೂಡಾನಿನಲ್ಲೂ ಶಿಕ್ಷಣ ಇಲಾಖೆಯ ಅಧಿಕಾರಿ, ತಾಯಿ ಪ್ರಾಚೀನ ನೇಯ್ಗೆಯ ಪಂಡಿತೆ. ಮಕ್ಕಳು ಇಂಗ್ಲೆಂಡಿನಲ್ಲಿ ಓದುತ್ತಿದ್ದರು. ಬೆಕಲ್ಸ್ ಎಂಬ ಊರಿನ ಶಾಲೆಯಲ್ಲಿ ರಸಾಯನಶಾಸ್ತ್ರ ಹುಡುಗರಿಗೆ ಮಾತ್ರ. ಹಟ ಹಿಡಿದು ಆ ತರಗತಿಗೆ ಸೇರಿದ ಇಬ್ಬರು ಹುಡುಗಿಯರಲ್ಲಿ ಡೊರೊತಿ ಒಬ್ಬಳು. ರಜೆಯಲ್ಲಿ ಖಾರ್ಟೂಮಿಗೆ ಹೋದಾಗ ಮನೆಯವರ ಸ್ನೇಹಿತರಾದ ಮಣ್ಣಿನ ರಸಾಯನಶಾಸ್ತ್ರಜ್ಞ ಡಾ. ಜೋಸೆಫ್ ಖನಿಜ ಪರೀಕ್ಷೆಯ ಪೆಟ್ಟಿಗೆಯೊಂದನ್ನು ಉಡುಗೊರೆ ಕೊಟ್ಟರು. ತಾಯಿ ತಂದುಕೊಟ್ಟದ್ದು ವಿಲಿಯಂ ಬ್ರ್ಯಾಗ್ ಮಕ್ಕಳಿಗೆಂದು ಮಾಡಿದ ಉಪನ್ಯಾಸಗಳ ಪುಸ್ತಕ. ಕ್ಷ-ಕಿರಣದಿಂದ ಪರಮಾಣುಗಳನ್ನು ಕಾಣಬಹುದು ಎಂದು ಅದರಲ್ಲಿತ್ತು. ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿ, 1932ರಲ್ಲಿ ಪ್ರಥಮ ದರ್ಜೆ ಪಡೆದು, ಕೇಂಬ್ರಿಜಿನಲ್ಲಿ ಜೆ. ಡಿ. ಬರ್ನಾಲ್ ಬಳಿ ಸೇರಿದರು.

ಬರ್ನಾಲ್ ಪ್ರಯೋಗಾಲಯದಲ್ಲಿ 1934ರಲ್ಲಿ ನಡೆದ ಒಂದು ಘಟನೆಯ ಮುಂದೆ ಕೊಂಚ ನಿಲ್ಲಬೇಕು. ಸ್ವೀಡನ್ನಿನ ಉಪ್ಸಾಲದಲ್ಲಿ ಜಾನ್ ಫಿಲ್‌ಪಾಟ್ ಎಂಬುವರು ಹೊಟ್ಟೆಯ ಕಿಣ್ವವಾದ ಪೆಪ್ಸಿನ್ ದ್ರಾವಣವನ್ನು ಫ್ರಿಜ್ಜಿನಲ್ಲಿಟ್ಟು ಹಿಮದ ಮೇಲೆ ಜಾರುವ ಆಟಕ್ಕೆ ರಜೆ ಹಾಕಿ ಹೋಗಿದ್ದರು. ಮರಳಿ ಬಂದು ನೋಡಿದರೆ ಎರಡು ಮಿಲಿಮೀಟರ್‌ವರೆಗಿನ ಚೆಂದದ ಹರಳುಗಳು ಬೆಳೆದುನಿಂತಿದ್ದವು. ಅತ್ತ ಹೋಗಿದ್ದ ಗ್ಲೆನ್ ಮಿಲಿಕನ್ ಅವನ್ನು, ಬೆಳೆದ ದ್ರಾವಣದ ಸಮೇತ, ಕೋಟಿನ ಜೇಬಿನಲ್ಲಿಟ್ಟುಕೊಂಡು ಕೇಂಬ್ರಿಜಿಗೆ ತಂದರು. ಅದುವರೆಗೆ ಪ್ರೋಟೀನ್ ಹರಳಿಗೆ ಕ್ಷ-ಕಿರಣ ಹಾಯಿಸಿದವರಿಗೆಲ್ಲ ಸಿಕ್ಕಿದ್ದು ಮಬ್ಬು ಕಲೆ ಮಾತ್ರ. ಬರ್ನಾಲ್ ಗಮನಿಸಿದ್ದು ಇಷ್ಟು: ದ್ರಾವಣದಲ್ಲಿದ್ದಾಗ ಹರಳು ಸೂಕ್ಷ್ಮದರ್ಶಕದಡಿ ಥಳಥಳಿಸುತ್ತದೆ, ಹೊರಗೆ ತೆಗೆದು ಗಾಳಿಗೆ ಒಡ್ಡಿದ ಕೂಡಲೇ ಕಳೆಗುಂದುತ್ತದೆ. ಒಳಗಿನ ನೀರು ಆರಿ ಅಣುಗಳ ಸಾಲು ಕುಸಿಯುತ್ತಿತ್ತು. ಹಾಗಾದರೆ ಒಣಗಲು ಬಿಡಬಾರದು. ತೆಳು ಗಾಜಿನ ನಳಿಕೆಯೊಳಗೆ ಹರಳನ್ನು ಅದರ ದ್ರಾವಣದೊಂದಿಗೇ ಸೀಲು ಮಾಡಿ ಕ್ಷ-ಕಿರಣ ಹಾಯಿಸಿದರು. ಫಿಲ್ಮಿನ ತುಂಬ ಚುಕ್ಕೆಗಳು. ಪ್ರೋಟೀನ್ ಎಂದರೆ ಆಕಾರವಿಲ್ಲದ ಅಂಟು ಎಂಬ ನಂಬಿಕೆ ಅಂದಿಗೆ ಮುಗಿಯಿತು. ಅದಕ್ಕೂ ಪರಮಾಣು ಪರಮಾಣುವಾಗಿ ನಿಗದಿಯಾದ ಆಕಾರವಿದೆ. ಡೊರೊತಿ ಆ ದಿನ ಲ್ಯಾಬಿನಲ್ಲಿರಲಿಲ್ಲ. ಕೈನೋವಿಗೆ ವೈದ್ಯರನ್ನು ಕಾಣಲು ಲಂಡನ್ನಿಗೆ ಹೋಗಿದ್ದರು. ಮರಳಿದವರೇ ಮುಂದಿನ ಚಿತ್ರಗಳ ಕೆಲಸಕ್ಕೆ ಕೂತರು, ನೇಚರ್ ಪತ್ರಿಕೆಯ ಆ ವರದಿಯಲ್ಲಿ ಇಬ್ಬರ ಹೆಸರೂ ಇದೆ.

ಚುಕ್ಕೆಗಳು ಸಿಕ್ಕವು ಸರಿ. ಅವುಗಳಿಂದ ಅಣುವಿಗೆ ಹೋಗುವುದು ಹೇಗೆ?

ಕಣ್ಣಿಗೆ ಕಾಣುವ ಬೆಳಕಿನ ಅಲೆ ಪರಮಾಣುಗಳ ನಡುವಿನ ಅಂತರಕ್ಕಿಂತ ಸಾವಿರಾರು ಪಟ್ಟು ಉದ್ದ. ಆದ್ದರಿಂದ ಎಂಥ ಸೂಕ್ಷ್ಮದರ್ಶಕದಲ್ಲೂ ಆ ಬೆಳಕಿನಲ್ಲಿ ಪರಮಾಣು ಕಾಣದು. ಕ್ಷ-ಕಿರಣದ ಅಲೆ ಹೆಚ್ಚುಕಮ್ಮಿ ಬಂಧದಷ್ಟೇ ಉದ್ದ, ಆದರೆ ಅದನ್ನು ಕೂಡಿಸಿ ಬಿಂಬ ಮಾಡಬಲ್ಲ ಮಸೂರ ಆಗ ಇರಲಿಲ್ಲ. ಹರಳಿನಲ್ಲಿ ಒಂದೇ ಬಗೆಯ ಅಣುಗಳು ಸಾಲಾಗಿ ಕೋಟಿಗಟ್ಟಲೆ ನಿಂತಿರುವುದರಿಂದ ಚದುರಿದ ಕಿರಣಗಳು ಕೆಲವು ದಿಕ್ಕುಗಳಲ್ಲಿ ಒಂದನ್ನೊಂದು ಬಲಪಡಿಸಿ ಚುಕ್ಕೆಗಳಾಗಿ ಬೀಳುತ್ತವೆ, ಉಳಿದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸುತ್ತವೆ. ಮಸೂರ ಮಾಡಬೇಕಾದ ಕೆಲಸವನ್ನು ಇಲ್ಲಿ ಲೆಕ್ಕದಿಂದ ಮಾಡಬೇಕು. ಪ್ರತಿ ಚುಕ್ಕೆಯೂ ಹರಳಿನುದ್ದಕ್ಕೂ ಹಬ್ಬಿದ ಇಲೆಕ್ಟ್ರಾನ್ ಸಾಂದ್ರತೆಯ ಒಂದು ಅಲೆಗೆ ಸಮ. ಎಲ್ಲ ಅಲೆಗಳನ್ನೂ ಕೂಡಿದರೆ ಸಾಂದ್ರತೆ ಎಲ್ಲಿ ಗುಡ್ಡೆಯಾಗಿದೆಯೋ ಅಲ್ಲಿ ಪರಮಾಣು. ಅಲೆಯ ಎತ್ತರ ಎಷ್ಟೆಂಬುದನ್ನು ಚುಕ್ಕೆಯ ಕಪ್ಪಿನಿಂದ ತಿಳಿಯಬಹುದು. ಆದರೆ ಅದರ ಶಿಖರ ಎಲ್ಲಿ ಬೀಳುತ್ತದೆ ಎಂಬುದನ್ನು ಫಿಲ್ಮು ದಾಖಲಿಸುವುದೇ ಇಲ್ಲ. ಇದನ್ನೇ ಫೇಸ್ ಸಮಸ್ಯೆ ಎನ್ನುವುದು. ಬೇಕಾದ ಮಾಹಿತಿಯಲ್ಲಿ ಅರ್ಧ ಇದೆ, ಅರ್ಧ ಇಲ್ಲ. ಅತ್ಯಂತ ಸುಲಭದ ಹರಳುಗಳಲ್ಲೂ ಪ್ರತಿ ಅಲೆಗೆ ಕೂಡು ಅಥವಾ ಕಳೆ ಎಂಬ ಎರಡು ಆಯ್ಕೆ. ಹತ್ತು ಚುಕ್ಕೆಗಳಾದರೆ 1,024 ಸಾಧ್ಯತೆ. ನೂರು ಚುಕ್ಕೆಗಳಾದರೆ 31 ಅಂಕಿಗಳ ಸಂಖ್ಯೆ.

ಹರಳು ಸತ್ಯವನ್ನೇ ಹೇಳುತ್ತದೆ ಎಂದು ನಾವು ಸಲೀಸಾಗಿ ಅಂದುಬಿಡುತ್ತೇವೆ. ನನ್ನ ಮಟ್ಟಿಗೆ ಡೊರೊತಿಯ ಹೆಚ್ಚುಗಾರಿಕೆ ಇರುವುದು ಹರಳು ಹೇಳದೆ ಉಳಿಸಿಕೊಂಡ ಆ ಅರ್ಧವನ್ನು ತನಗೆ ತೋಚಿದಂತೆ ತುಂಬದೆ ಕಾದದ್ದರಲ್ಲಿ.

ತುಂಬಲು ಇದ್ದ ಒಂದು ಉಪಾಯ ಭಾರದ ಪರಮಾಣು. ಕ್ಷ-ಕಿರಣವನ್ನು ಚದುರಿಸುವವು ಇಲೆಕ್ಟ್ರಾನ್‌ಗಳು. ಇಂಗಾಲದಲ್ಲಿ ಅವು ಆರು, ಅಯೋಡಿನ್‌ನಲ್ಲಿ 53. ಅಣುವಿಗೆ ಒಂದು ಅಯೋಡಿನ್ ಜೋಡಿಸಿದರೆ ಗುರುತಿಲ್ಲದ ಊರಿನಲ್ಲಿ ದೇವಸ್ಥಾನದ ಗೋಪುರ ಕಂಡ ಹಾಗೆ: ಅದನ್ನು ನೋಡಿಕೊಂಡು ಉಳಿದ ಬೀದಿಗಳ ದಿಕ್ಕು ಹಿಡಿಯಬಹುದು. ಹ್ಯಾರಿ ಕಾರ್ಲೈಲ್ ಜತೆ ಡೊರೊತಿ ಕೊಲೆಸ್ಟರೈಲ್ ಅಯೋಡೈಡನ್ನು ಬಿಡಿಸಿದ್ದು ಹೀಗೆ.

1940ರ ಮೇ ತಿಂಗಳಲ್ಲಿ ಆಕ್ಸ್‌ಫರ್ಡಿನಲ್ಲಿ ಎಂಟು ಇಲಿಗಳಿಗೆ ಮಾರಕ ಬ್ಯಾಕ್ಟೀರಿಯ ಚುಚ್ಚಿ, ನಾಲ್ಕಕ್ಕೆ ಮಾತ್ರ ಪೆನಿಸಿಲಿನ್ ಕೊಟ್ಟ ಪ್ರಯೋಗ ನಡೆಯಿತಲ್ಲ, ಆ ನಾಲ್ಕು ಬದುಕಿದ ಸಂಭ್ರಮದಲ್ಲಿದ್ದ ಚೇಯ್ನ್ ರಸ್ತೆಯಲ್ಲಿ ಎದುರಾದ ಡೊರೊತಿಗೆ ಒಂದಲ್ಲ ಒಂದು ದಿನ ಹರಳು ಕೊಡುತ್ತೇನೆಂದು ಮಾತು ಕೊಟ್ಟಿದ್ದರು. ಪೆನಿಸಿಲಿನ್ ಹರಳುಗಟ್ಟಲು ಇನ್ನೂ ಮೂರು ವರ್ಷ ಹಿಡಿಯಿತು. ಇಂಗ್ಲೆಂಡಿನ ಬೂಷ್ಟು ಕೊಡುತ್ತಿದ್ದದ್ದೂ ಅಮೆರಿಕದ ಬೂಷ್ಟು ಕೊಡುತ್ತಿದ್ದದ್ದೂ ಒಂದೇ ಅಲ್ಲ, ಅಣುವಿನ ಬಾಲ ಬೇರೆ ಬೇರೆ ಎಂದು ನಡುವೆ ಗೊತ್ತಾಯಿತು. 1943ರಲ್ಲಿ ಅಮೆರಿಕದ ಸ್ಕ್ವಿಬ್ ಕಂಪನಿಯವರು ಅಲ್ಲಿನ ಬಗೆಯನ್ನು ಸೋಡಿಯಂ ಲವಣವಾಗಿ ಹರಳುಗಟ್ಟಿಸಿದರು. ಕೆಲವೇ ಮಿಲಿಗ್ರಾಂ ಆಕ್ಸ್‌ಫರ್ಡಿಗೆ ಬಂತು.

ಹೈಡ್ರೋಜನ್ ಬಿಟ್ಟರೆ ಆ ಅಣುವಿನಲ್ಲಿ 23 ಪರಮಾಣು. ಇಂದಿನ ಲೆಕ್ಕದಲ್ಲಿ ಒಂದು ಮಧ್ಯಾಹ್ನದ ಕೆಲಸ. ಡೊರೊತಿ ಮತ್ತು ಅವರ ವಿದ್ಯಾರ್ಥಿನಿ ಬಾರ್ಬರಾ ಲೋ ಪೊಟ್ಯಾಸಿಯಂ ಮತ್ತು ರುಬಿಡಿಯಂ ಲವಣಗಳನ್ನು ಹಿಡಿದರು. ಈ ಎರಡು ಹರಳುಗಳ ಕಟ್ಟಡ ಒಂದೇ. ಪೊಟ್ಯಾಸಿಯಂ ಇದ್ದ ಜಾಗದಲ್ಲಿ ಹೆಚ್ಚು ಭಾರದ ರುಬಿಡಿಯಂ ಕೂತಿರುತ್ತದೆ ಅಷ್ಟೆ. ಎರಡರ ಚುಕ್ಕೆಗಳಲ್ಲಿ ಕಾಣುವ ವ್ಯತ್ಯಾಸದಿಂದ ಫೇಸ್‌ಗಳನ್ನು ಊಹಿಸತೊಡಗಬಹುದು. ನಾರ್ತ್‌ವಿಚ್‌ನ ಐ.ಸಿ.ಐ. ಕಂಪನಿಯಲ್ಲಿ ಚಾರ್ಲ್ಸ್ ಬನ್ ಮತ್ತು ಟರ್ನರ್-ಜೋನ್ಸ್ ಸೋಡಿಯಂ ಲವಣದ ಮೇಲೆ ಬೇರೆಯೇ ದಾರಿಯಿಂದ ಕೆಲಸ ಮಾಡುತ್ತಿದ್ದರು.

ಲೆಕ್ಕದ ಸಾಧನ ಹೇಗಿತ್ತೆಂದು ನೋಡಿದರೆ ಆಗ ಪಟ್ಟ ಪಾಡು ಅರ್ಥವಾಗುತ್ತದೆ. ಬೀವರ್ಸ್ ಮತ್ತು ಲಿಪ್ಸನ್ ಎಂಬಿಬ್ಬರು ರೂಪಿಸಿದ ಮರದ ಪೆಟ್ಟಿಗೆಯಲ್ಲಿ ಸಾವಿರಾರು ಸಣ್ಣ ರಟ್ಟಿನ ಪಟ್ಟಿಗಳು ಸಾಲಾಗಿ ನಿಂತಿರುತ್ತಿದ್ದವು. ಒಂದೊಂದು ಪಟ್ಟಿಯ ಮೇಲೂ ಒಂದು ಅಲೆಯ ಬೆಲೆಗಳು, ಹರಳಿನ ಉದ್ದಕ್ಕೆ ಸಮ ಅಂತರದಲ್ಲಿ ಲೆಕ್ಕ ಹಾಕಿ ಮುದ್ರಿಸಿದವು. ಚುಕ್ಕೆಯ ಬಲಕ್ಕೆ ತಕ್ಕ ಪಟ್ಟಿಯನ್ನು ಹೆಕ್ಕಬೇಕು, ಮೇಜಿನ ಮೇಲೆ ಒಂದರ ಕೆಳಗೊಂದು ಜೋಡಿಸಬೇಕು, ಕಂಬಸಾಲುಗಳನ್ನು ಕೂಡುತ್ತ ಹೋಗಬೇಕು, ಬಂದ ಮೊತ್ತಗಳನ್ನು ಬರೆದುಕೊಂಡು ಪಟ್ಟಿಗಳನ್ನು ಮತ್ತೆ ಅವವುಗಳ ಜಾಗಕ್ಕೇ ಸೇರಿಸಬೇಕು. ಪೆಟ್ಟಿಗೆ ಕೈಜಾರಿ ಬಿತ್ತೆಂದರೆ ದಿನವೇ ಹೋಯಿತು. ಹೀಗೆ ಸಾವಿರಾರು ಸಂಕಲನ ಮುಗಿದ ಮೇಲೆ ಹರಳಿನ ಒಂದು ಅಡ್ಡಸೀಳಿನ ನಕ್ಷೆ ಸಿಗುತ್ತಿತ್ತು. ಸಮಾನ ಸಾಂದ್ರತೆಯ ಗೆರೆಗಳನ್ನು ಪಾರದರ್ಶಕ ಹಾಳೆಗಳ ಮೇಲೆ ಎಳೆದು, ಹಾಳೆಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಅಣುವಿನ ಆಕಾರ ಮೂರು ಆಯಾಮದಲ್ಲಿ ಮೂಡುತ್ತದೆ. ಕೊನೆಕೊನೆಯ ಲೆಕ್ಕಗಳಿಗೆ ಲೆಸ್ಲಿ ಕಾಮ್ರಿಯವರ ಗಣನ ಸಂಸ್ಥೆಯ ತೂತುಕಾರ್ಡಿನ ಯಂತ್ರಗಳ ನೆರವು ಸಿಕ್ಕಿತು.

ಮೊದಮೊದಲ ನಕ್ಷೆಗಳು ಅರ್ಥವಾಗುವಂತಿರಲಿಲ್ಲ. ಅಣು ಉದ್ದಕ್ಕೆ ಚಾಚಿಕೊಂಡಿರುತ್ತದೆಂದು ಎಲ್ಲರೂ ಭಾವಿಸಿದ್ದರು. ಆಕ್ಸ್‌ಫರ್ಡಿನ ನಕ್ಷೆಯನ್ನೂ ನಾರ್ತ್‌ವಿಚ್ಚಿನ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟಾಗ ಎರಡರಲ್ಲೂ ಒಂದೇ ಆಕೃತಿ ಕಾಣತೊಡಗಿತು, ಅದು ಮುದುಡಿಕೊಂಡಿತ್ತು. ಗಂಧಕದ ಉಂಗುರಕ್ಕೆ ಒತ್ತಿಕೊಂಡು ಇನ್ನೊಂದು ಪುಟ್ಟ ಉಂಗುರ: ಮೂರು ಇಂಗಾಲ, ಒಂದು ಸಾರಜನಕ. 1945ರಲ್ಲಿ ಯೂರೋಪಿನ ಯುದ್ಧ ಮುಗಿಯುವ ಹೊತ್ತಿಗೆ ಡೊರೊತಿಗೆ ಸಂಶಯ ಉಳಿದಿರಲಿಲ್ಲ. ತಂತಿ ಮತ್ತು ಬಿರಡೆಗಳ ಮಾದರಿ ಕಟ್ಟಿ ಸಹೋದ್ಯೋಗಿಗಳನ್ನು ಕರೆದು ತೋರಿಸಿದರು. ರಾಬಿನ್ಸನ್ ಸುಲಭಕ್ಕೆ ಒಪ್ಪಲಿಲ್ಲ. ರಸಾಯನಶಾಸ್ತ್ರ ಬಲ್ಲವರು ತರ್ಕದಿಂದ ಕಟ್ಟಿದ ರಚನೆಯನ್ನು ಭೌತವಿಜ್ಞಾನದ ಒಂದು ಉಪಕರಣ ತಳ್ಳಿಹಾಕುವುದನ್ನು ಒಪ್ಪಲು ಆ ತಲೆಮಾರಿಗೆ ಕಷ್ಟವೇ ಆಗಿದ್ದಿರಬೇಕು. ತಮಾಷೆಯೆಂದರೆ ಡೊರೊತಿಯೂ ತನ್ನನ್ನು ಕೊನೆಯವರೆಗೂ ರಸಾಯನಶಾಸ್ತ್ರಜ್ಞೆ ಎಂದೇ ತಿಳಿದದ್ದು.

ಇಷ್ಟೆಲ್ಲ ಆಗಿಯೂ ಯುದ್ಧದಲ್ಲಿ ಪೆನಿಸಿಲಿನ್ ತಯಾರಿಕೆಗೆ ಈ ರಚನೆಯಿಂದ ಎಳ್ಳಷ್ಟೂ ಪ್ರಯೋಜನವಾಗಲಿಲ್ಲ. ಬೂಷ್ಟೇ ಗೆದ್ದಿತು. ಕಾರ್ಖಾನೆಗಳು ದೊಡ್ಡ ದೊಡ್ಡ ತೊಟ್ಟಿಗಳಲ್ಲಿ ಹುದುಗು ಬರಿಸಿ ತೆಗೆಯುವುದನ್ನು ಕಲಿತವು. ಪ್ರಯೋಗಶಾಲೆಯಲ್ಲಿ ಪೆನಿಸಿಲಿನ್ ಅನ್ನು ಪೂರ್ತಿ ಕಟ್ಟಿದ್ದು 1957ರಲ್ಲಿ ಅಮೆರಿಕದ ಜಾನ್ ಶೀಹನ್. ರಚನೆ ಕೆಲಸಕ್ಕೆ ಬಂದದ್ದು ಆಮೇಲೆ. ಬೂಷ್ಟಿನಿಂದ ಅಣುವಿನ ತಿರುಳನ್ನು ಮಾತ್ರ ಪಡೆದು ಬೇಕಾದ ಬಾಲ ಜೋಡಿಸುವ ವಿದ್ಯೆ ಕೈವಶವಾಯಿತು. ಆಂಪಿಸಿಲಿನ್, ಅಮಾಕ್ಸಿಸಿಲಿನ್ ಬಂದದ್ದು ಹಾಗೆ. ಆ ಬಿಗಿದ ಉಂಗುರವೇ ಔಷಧದ ಜೀವಾಳ ಎಂಬುದೂ ತಿಳಿಯಿತು: ಬ್ಯಾಕ್ಟೀರಿಯ ತನ್ನ ಕೋಶಗೋಡೆ ಕಟ್ಟಲು ಬಳಸುವ ಕಿಣ್ವಕ್ಕೆ ಅದು ಬಿಚ್ಚಿಕೊಂಡು ಅಂಟುತ್ತದೆ, ಗೋಡೆಯ ಕೆಲಸ ಅಲ್ಲಿಗೇ ನಿಲ್ಲುತ್ತದೆ. ರಾಬಿನ್ಸನ್‌ಗೆ ಅಸಾಧ್ಯವೆನಿಸಿದ್ದ ಗುಣವೇ ರೋಗಿಯನ್ನು ಉಳಿಸುತ್ತಿತ್ತು. 1961ರಲ್ಲಿ ಡೊರೊತಿ ಮತ್ತು ಮ್ಯಾಸ್ಲೆನ್ ಸೆಫಲೊಸ್ಪೋರಿನ್ ಸಿ ಹರಳನ್ನು ಬಿಡಿಸಿದಾಗ ಅದರಲ್ಲೂ ಅದೇ ಉಂಗುರ ಇತ್ತು.

ಬಿ12ರ ಕಥೆಯನ್ನು ಬೇಗ ಹೇಳುತ್ತೇನೆ, ಅದು ಸಣ್ಣದೆಂದಲ್ಲ. ಈ ಜೀವಸತ್ವ ಕೊರತೆಯಾದರೆ ಬರುವ ಮಾರಕ ರಕ್ತಹೀನತೆಗೆ ಮೊದಲು ಇದ್ದ ಮದ್ದು ರಾಶಿ ರಾಶಿ ಈಲಿ ತಿನ್ನಿಸುವುದು. 1948ರಲ್ಲಿ ಅಮೆರಿಕದ ಮರ್ಕ್ ಮತ್ತು ಇಂಗ್ಲೆಂಡಿನ ಗ್ಲ್ಯಾಕ್ಸೋ ಕಂಪನಿಗಳು ಈಲಿಯ ಸಾರದಿಂದ ಕಡುಗೆಂಪು ಹರಳು ತೆಗೆದವು. ಗ್ಲ್ಯಾಕ್ಸೋದ ಲೆಸ್ಟರ್ ಸ್ಮಿತ್ ಕೆಲವನ್ನು ಡೊರೊತಿಗೆ ಕೊಟ್ಟರು. ಪೆನಿಸಿಲಿನ್‌ಗಿಂತ ನಾಲ್ಕು ಪಟ್ಟು ದೊಡ್ಡ ಅಣು. ಒಡೆದಾಗ ಸಿಕ್ಕ ಒಂದು ಚೂರನ್ನು ಅತಿನೇರಳೆ ರೋಹಿತ ಗುರುತಿಸಿಕೊಟ್ಟಿತ್ತು. ನಡುವಿನ ಮುಖ್ಯ ಭಾಗದ ಬಗ್ಗೆ ಯಾರಿಗೂ ಗೊತ್ತಿರಲಿಲ್ಲ. ಅದರೊಳಗೆ ಕೋಬಾಲ್ಟ್ ಇತ್ತು, ಭಾರದ ಪರಮಾಣುವಾಗಿ ಬಳಸಲು ಅದು ಸಾಲದು ಎಂದು ಬಲ್ಲವರು ಹೇಳಿದರು. ಡೊರೊತಿ ಅದನ್ನೇ ಹಿಡಿದರು. ಲಾಸ್ ಏಂಜಲೀಸ್‌ನಲ್ಲಿ ಕೆನೆತ್ ಟ್ರೂಬ್ಲಡ್ ಎಂಬ ಹರಳುವಿಜ್ಞಾನಿಗೆ ಸ್ವ್ಯಾಕ್ ಎಂಬ ಆರಂಭದ ಕಂಪ್ಯೂಟರ್ ಕೈಗೆ ಸಿಗುತ್ತಿತ್ತು. ಆಕ್ಸ್‌ಫರ್ಡಿನಿಂದ ಅಂಕಿಗಳು ಅಂಚೆಯಲ್ಲಿ ಹೋಗುವುದು, ಅಲ್ಲಿಂದ ಲೆಕ್ಕ ಅಂಚೆಯಲ್ಲೋ ತಂತಿಯಲ್ಲೋ ಬರುವುದು, ಇಲ್ಲಿ ನಕ್ಷೆ ಎಳೆದು ಖಾತ್ರಿಯಾದ ಪರಮಾಣುಗಳನ್ನು ಮಾತ್ರ ಸೇರಿಸಿ ಮತ್ತೆ ಕಳುಹಿಸುವುದು. ಅನುಮಾನವಿದ್ದದ್ದನ್ನು ಸೇರಿಸಕೂಡದೆಂಬುದು ಡೊರೊತಿಯ ಕಟ್ಟುನಿಟ್ಟು. ಎಂಟು ವರ್ಷದ ಬಳಿಕ, 1956ರಲ್ಲಿ ಹೊರಬಿದ್ದ ರಚನೆಯ ನಡುವೆ ರಕ್ತದ ಹೀಮ್‌ನಲ್ಲಿರುವಂಥದೇ ಒಂದು ದೊಡ್ಡ ಉಂಗುರವಿತ್ತು, ಆದರೆ ಒಂದು ಸೇತುವೆಯ ಇಂಗಾಲ ಇರಲೇ ಇಲ್ಲ. ಎರಡು ಐದರ ಉಂಗುರಗಳು ನೇರವಾಗಿ ಕೈಹಿಡಿದಿದ್ದವು. ಅಂಥದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. 1961ರಲ್ಲಿ ಗೇಲನ್ ಲೆನ್ಹರ್ಟ್ ಜತೆ ಅದರ ಸಹಕಿಣ್ವ ರೂಪವನ್ನು ಬಿಡಿಸಿದಾಗ ಕೋಬಾಲ್ಟ್ ಪರಮಾಣು ಇಂಗಾಲಕ್ಕೆ ನೇರ ಬಂಧ ಹೂಡಿದ್ದು ಕಂಡಿತು. ಜೀವಜಗತ್ತಿನಲ್ಲಿ ಲೋಹ ಮತ್ತು ಇಂಗಾಲದ ಅಂಥ ಬಂಧ ಅದೇ ಮೊದಲು.

1964ರ ನೊಬೆಲ್ ಸುದ್ದಿ ಬಂದಾಗ ಆಕೆ ಘಾನಾದಲ್ಲಿದ್ದರು. ಪತಿ ಥಾಮಸ್ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಆಫ್ರಿಕಾ ಅಧ್ಯಯನ ಸಂಸ್ಥೆ ನಡೆಸುತ್ತಿದ್ದರು. ಮೂರು ಮಕ್ಕಳ ತಾಯಿ. ಬ್ರಿಟನ್ನಿನ ಪತ್ರಿಕೆಯೊಂದು ತಲೆಬರಹದಲ್ಲಿ ಆಕೆಯನ್ನು ಆಕ್ಸ್‌ಫರ್ಡಿನ ಗೃಹಿಣಿ ಎಂದಿತು. ಶೀತಲ ಸಮರದ ಕಾಲದಲ್ಲಿ ಎಡಪಂಥದ ಸಂಗ ಮಾಡಿದ್ದಕ್ಕೆ ಅಮೆರಿಕ ವೀಸಾ ನಿರಾಕರಿಸಿದ್ದೂ ಉಂಟು. ಆಕೆಯ ಲ್ಯಾಬಿನಲ್ಲಿ ಒಂದು ವರ್ಷ ಗ್ರ್ಯಾಮಿಸಿಡಿನ್ ಹರಳಿನ ಮೇಲೆ ಕೆಲಸ ಮಾಡಿದ ಮಾರ್ಗರೆಟ್ ರಾಬರ್ಟ್ಸ್ ಮುಂದೆ ಮಾರ್ಗರೆಟ್ ಥ್ಯಾಚರ್ ಆದರು. ರಾಜಕೀಯದಲ್ಲಿ ಗುರು ಶಿಷ್ಯೆ ಉತ್ತರ ದಕ್ಷಿಣ.

ಇನ್ನು ಇನ್ಸುಲಿನ್. ರಾಬಿನ್ಸನ್ 1934ರಲ್ಲಿ ಪುಟ್ಟ ನಳಿಕೆಯಲ್ಲಿ ಕೊಟ್ಟ ಇನ್ಸುಲಿನ್ನನ್ನು ಸತುವಿನ ಜತೆ ಮತ್ತೆ ಹರಳುಗಟ್ಟಿಸಿ, ಡೊರೊತಿ ಒಬ್ಬರೇ ಕೂತು ಚಿತ್ರ ತೆಗೆದಿದ್ದರು. ರಾತ್ರಿ ಹತ್ತರ ಸುಮಾರಿಗೆ ಫಿಲ್ಮ್ ತೊಳೆದು ಚುಕ್ಕೆಗಳನ್ನು ಕಂಡಾಗ ಆದ ಖುಷಿ ತಡೆಯಲಾರದೆ ಊರ ಬೀದಿಗಳಲ್ಲಿ ಅಲೆದರಂತೆ. ಆಗ 24 ವರ್ಷ. ಅದರ ರಚನೆ ಸಿಕ್ಕಾಗ 59. ನಡುವಿನ ಕಾಲದಲ್ಲಿ ಫ್ರೆಡ್ರಿಕ್ ಸ್ಯಾಂಗರ್ ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಸರಣಿ ಬಿಡಿಸಿದರು, ಮ್ಯಾಕ್ಸ್ ಪೆರುಟ್ಜ್ ಪ್ರೋಟೀನ್ ಹರಳಿಗೆ ಪಾದರಸದಂಥ ಭಾರದ ಪರಮಾಣುಗಳನ್ನು ಹುದುಗಿಸುವುದನ್ನು ತೋರಿಸಿಕೊಟ್ಟರು. ಇನ್ಸುಲಿನ್ ಹರಳು ಮಾತ್ರ ಅದಕ್ಕೆ ಬೇಗ ಬಗ್ಗಲಿಲ್ಲ.

ಇಲ್ಲಿಗೆ ಬೆಂಗಳೂರು ಬರುತ್ತದೆ. ಭಾರದ ಪರಮಾಣುಗಳು ಕ್ಷ-ಕಿರಣವನ್ನು ಚದುರಿಸುವಾಗ ಕೆಲವೊಮ್ಮೆ ಒಂದಿಷ್ಟು ಹೀರಿಕೊಳ್ಳುತ್ತವೆ, ಆಗ ಸಮವಾಗಿರಬೇಕಾದ ಎರಡು ಎದುರುಬದುರು ಚುಕ್ಕೆಗಳ ನಡುವೆ ತುಸು ವ್ಯತ್ಯಾಸ ಬರುತ್ತದೆ. ಇದು ಅಸಂಗತ ಚದುರುವಿಕೆ. ಈ ಸಣ್ಣ ವ್ಯತ್ಯಾಸದಿಂದಲೇ ಫೇಸ್ ತೆಗೆಯಬಹುದೆಂದು 1950ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮನ್ ಅವರ ಸೋದರಳಿಯ ಎಸ್. ರಾಮಶೇಷನ್ ಮತ್ತು ಸಂಗಡಿಗರೂ, ಮದರಾಸಿನಲ್ಲಿ ಜಿ. ಎನ್. ರಾಮಚಂದ್ರನ್ ಬಳಗವೂ ಕೆಲಸ ಮಾಡಿದ್ದರು. ರಾಮಶೇಷನ್ ಅವರ ಬಳಿ ಕಲಿತ ಕೆ. ವೆಂಕಟೇಶನ್ ಆಕ್ಸ್‌ಫರ್ಡಿಗೆ ಹೋಗಿ ಡೊರೊತಿ ಜತೆ ಬಿ12ರ ಒಂದು ಬಂಧುವಿನ ರಚನೆಯನ್ನು ಕೋಬಾಲ್ಟಿನ ಇದೇ ಗುಣದಿಂದ ಬಿಡಿಸಿದರು; ಆ ಕೆಲಸ 1963ರಲ್ಲಿ ರಾಮಚಂದ್ರನ್ ಸಂಪಾದಿಸಿದ ಸಂಪುಟದಲ್ಲೇ ಪ್ರಕಟವಾಯಿತು. ರಾಮಶೇಷನ್ ಕೂಡ ಆಕ್ಸ್‌ಫರ್ಡಿನಲ್ಲಿದ್ದು ಬಂದರು. ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮುಗಿಸಿದ ಎಂ. ವಿಜಯನ್ 1968ರಲ್ಲಿ ಡೊರೊತಿಯ ಇನ್ಸುಲಿನ್ ತಂಡ ಸೇರಿದರು. ಮರುವರ್ಷವೇ 2.8 ಆಂಗ್‌ಸ್ಟ್ರಾಮ್ ವಿವರದಲ್ಲಿ ಇನ್ಸುಲಿನ್ ಬಯಲಾಯಿತು. ಆರು ಅಣುಗಳು ಎರಡು ಸತುವಿನ ಪರಮಾಣುಗಳ ಸುತ್ತ ಗುಂಪುಗೂಡಿದ್ದವು. ನೇಚರ್ ಪತ್ರಿಕೆಯ ಆ ವರದಿಯಲ್ಲಿ ಹತ್ತು ಮಂದಿ ಲೇಖಕರ ಹೆಸರಿದೆ, ಮೊದಲು ಆಡಮ್ಸ್, ಎಲ್ಲೋ ನಡುವೆ ವಿಜಯನ್, ಆಮೇಲೆ ಹಾಜ್‌ಕಿನ್. ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಅದನ್ನು ಘೋಷಿಸುವ ಅವಕಾಶವನ್ನು ಡೊರೊತಿ ಕಿರಿಯ ಸಹೋದ್ಯೋಗಿ ಟಾಮ್ ಬ್ಲಂಡೆಲ್‌ಗೆ ಬಿಟ್ಟುಕೊಟ್ಟರು. ಮೂವತ್ತೈದು ವರ್ಷ ಕಾದವರು ಹೀಗೆ ಪಕ್ಕಕ್ಕೆ ಸರಿಯುವುದನ್ನು ವಿಜ್ಞಾನದ ಚರಿತ್ರೆಯಲ್ಲಿ ನಾನು ಹೆಚ್ಚು ಕಂಡಿಲ್ಲ. ವಿಜಯನ್ 1971ರಲ್ಲಿ ಬೆಂಗಳೂರಿಗೆ ಮರಳಿ, ದೇಶದಲ್ಲಿ ಪ್ರೋಟೀನ್ ಹರಳುವಿಜ್ಞಾನಕ್ಕೆ ಬುನಾದಿ ಹಾಕಿದರು. ಡೊರೊತಿ ಹಲವು ಬಾರಿ ಭಾರತಕ್ಕೆ ಬಂದರು.

ಬೀಜಿಂಗ್‌ನಲ್ಲಿ ಇನ್ನೊಂದು ತಂಡ ಸ್ವತಂತ್ರವಾಗಿ ಇನ್ಸುಲಿನ್ ಬಿಡಿಸಿದೆ ಎಂದು ಗೊತ್ತಾದಾಗ ಆಕೆ ಖುದ್ದಾಗಿ ಹೋಗಿ ಎರಡೂ ನಕ್ಷೆಗಳನ್ನು ಹೋಲಿಸಿ ನೋಡಿದರು, ಹೊರಗೆ ಬರಲಾಗದ ಆ ಚೀನೀ ವಿಜ್ಞಾನಿಗಳ ಪರವಾಗಿ ಜಗತ್ತಿಗೆ ಸಾರಿದರು. 1988ರಲ್ಲಿ 1.5 ಆಂಗ್‌ಸ್ಟ್ರಾಮ್ ವಿವರದ ಸುದೀರ್ಘ ಪ್ರಬಂಧ ಬಂದಾಗ ಡೊರೊತಿಗೆ 78. ಅದರಲ್ಲೂ ವಿಜಯನ್ ಹೆಸರಿದೆ. 1994ರಲ್ಲಿ ಡೊರೊತಿ ತೀರಿಕೊಂಡರು.

ಇನ್ಸುಲಿನ್ ಅಣುಗಳ ಆ ಆರರ ಗುಂಪನ್ನು ಕಂಡುಕೊಂಡದ್ದರಿಂದ ಏನು ಲಾಭ ಎಂದರೆ, ಸೂಜಿಯಿಂದ ಚರ್ಮದಡಿ ಸೇರಿದ ಇನ್ಸುಲಿನ್ ರಕ್ತಕ್ಕೆ ಇಳಿಯಬೇಕಾದರೆ ಮೊದಲು ಆ ಗುಂಪು ಒಡೆದು ಬಿಡಿ ಅಣುಗಳಾಗಬೇಕು. ಅದಕ್ಕೇ ಊಟಕ್ಕೆ ಅರ್ಧ ಗಂಟೆ ಮೊದಲು ಚುಚ್ಚಿಕೊಳ್ಳಬೇಕಾಗಿತ್ತು. ಒಂದು ಅಣು ಇನ್ನೊಂದನ್ನು ಎಲ್ಲಿ ಹಿಡಿದಿರುತ್ತದೆ ಎಂದು ಹರಳಿನ ನಕ್ಷೆ ತೋರಿಸಿತ್ತು: ಇನ್ಸುಲಿನ್ನಿನ ಬಿ ಎಂಬ ಸರಪಳಿಯ ತುದಿಯಲ್ಲಿ. ಅಲ್ಲಿನ 28 ಮತ್ತು 29ನೇ ಅಮೈನೋ ಆಮ್ಲಗಳಾದ ಪ್ರೋಲಿನ್ ಮತ್ತು ಲೈಸಿನ್‌ಗಳನ್ನು ಅದಲುಬದಲು ಮಾಡಿದರೆ ಹಿಡಿತ ಸಡಿಲವಾಗುತ್ತದೆ. ಹಾಗೆ ಮಾಡಿದ ಲಿಸ್‌ಪ್ರೋ ಇನ್ಸುಲಿನ್ 1996ರಲ್ಲಿ ಬಳಕೆಗೆ ಬಂತು, ಊಟಕ್ಕೆ ಕೂರುವ ಹದಿನೈದು ನಿಮಿಷ ಮೊದಲು ತೆಗೆದುಕೊಂಡರೂ ಸಾಕು.